ಇಲ್ಲೆಲ್ಲ ಚೆನ್ನಾಗಿದೀವಿ

ಆ ಮನೆಗೆ ಸಂಜೆ ಏಳಕ್ಕೆ ಸರಿಯಾಗಿ ಫೋನ್ ಬಂತೆಂದರೆ ನಾದಿನಿ ದೇಶದಲ್ಲಿಲ್ಲ ಎಂದು ತಿಳಿಯಬೇಕು. ದೇಶದಲ್ಲಿದ್ದಾಗ ಅವಳಿಗೆ ಫೋನೇ ಬೇಕಾಗಿರಲಿಲ್ಲ. ಹಿಂದಿನ ಕೋಣೆಯಿಂದ ಒಂದು ಸಲ ಕೂಗಿದರೆ ಮೂರನೇ ಮನೆಯವರೂ ಓಗೊಡುತ್ತಿದ್ದರು. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಗಾಜಿನ ಆಚೆ ನಿಂತು, "ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ, ಹ್ಞಾಂ, ಬಿಡಿ" ಎಂದು ಕೂಗಿ ಪಳಗಿದ ಗಂಟಲು ಅದು. ಮದುವೆಯ ಗೋಜಿಗೆ ಹೋದವಳಲ್ಲ. ನಿವೃತ್ತಿಯಾದದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡಳು. ಜೊತೆಗೆ ಆಸ್ಪತ್ರೆಯ ಕಾಲದ ಮೂವರು ಗೆಳತಿಯರು: ಹೆಡ್ ನರ್ಸ್, ಲ್ಯಾಬಿನವಳು, ಎದುರಿನ ಔಷಧಿ ಅಂಗಡಿಯವಳು. ನಾಲ್ವರಿಗೂ ಮಂಡಿ ನೋವು, ನಾಲ್ವರಿಗೂ ತಿರುಗಾಟದ ಹುಚ್ಚು. ಎರಡು ವರ್ಷದಲ್ಲಿ ಐದು ದೇಶ ಮುಗಿಸಿದ್ದರು. ಬೀದಿಯವರು ಅವಳಿಗೆ ಫಾರಿನ್ ಅಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಇಷ್ಟವೇ.

ಫೋನ್ ಎತ್ತುತ್ತಿದ್ದವಳು ಸೊಸೆ, ನಾದಿನಿಯ ತಮ್ಮನ ಹೆಂಡತಿ; ಮೊಬೈಲು ಇರುತ್ತಿದ್ದದ್ದು ಅವಳ ಹತ್ತಿರವೇ. ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳ ಹೊಲಿಗೆ ಯಂತ್ರ. ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ಇಳಿಸುವುದು, ಮೈ ಬಂದವರ ಅಂಗಿ ಬಿಚ್ಚಿ ಅಗಲ ಮಾಡುವುದು ಅವಳ ಕೆಲಸ. ಅದರ ಮಧ್ಯೆ ಅಡುಗೆ, ಬಟ್ಟೆ, ಎಂಬತ್ತೆರಡು ದಾಟಿದ ಅತ್ತೆಯ ಔಷಧಿ. ಗಂಡ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು, ಉಗುರ ಸಂದಿಯ ಮಸಿ ಭಾನುವಾರವೂ ಹೋಗುತ್ತಿರಲಿಲ್ಲ. ಮಗಳು ಪುಟ್ಟಿಗೆ ಹದಿನೇಳು, ಅವಳಿಗೆ ಓದು ಅಷ್ಟಕ್ಕಷ್ಟೇ, ಬಾಯಿ ಮಾತ್ರ ಮಾರುದ್ದ. ಇಷ್ಟು ಜನರ ಸಂಸಾರದಲ್ಲಿ ನಾದಿನಿಯದು ಹಿಂದಿನ ಕೋಣೆ, ಅದರ ಗೋಡೆ ತುಂಬ ಫೋಟೋ. ದೋಣಿಯ ಮೇಲೆ ನಾಲ್ವರು, ಹಿಮದಲ್ಲಿ ನಾಲ್ವರು, ಯಾವುದೋ ಗಡಿಯಾರ ಗೋಪುರದ ಕೆಳಗೆ ಟೋಪಿ ಹಾಕಿಕೊಂಡು ನಾಲ್ವರು. ಆ ಕೋಣೆ ಗುಡಿಸುವಾಗ ಸೊಸೆ ತಲೆ ಎತ್ತುತ್ತಿರಲಿಲ್ಲ.

ಏಳು ಗಂಟೆಯ ಫೋನಿಗೆ ಒಂದು ಕಟ್ಟುಪಾಡಿತ್ತು, ಅದು ಹುಟ್ಟಿದ್ದು ಹಿಮದ ದೇಶದ ಪ್ರವಾಸದಲ್ಲಿ. ಆಗ ಅತ್ತೆಗೆ, ಅಂದರೆ ಪುಟ್ಟಿಯ ಅಜ್ಜಿಗೆ, ಜ್ವರ ಬಂದಿತ್ತು. ಸೊಸೆ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು. ನಾದಿನಿ ಗಾಬರಿಯಾಗಿ ಎರಡು ದಿನ ಮೊದಲೇ ಹೊರಟು ಬಂದಳು. ಒಬ್ಬಳನ್ನೇ ಹೇಗೆ ಕಳಿಸುವುದೆಂದು ಗೆಳತಿಯರೂ ಹೊರಟರು. ಬಂದು ನೋಡಿದರೆ ಅಜ್ಜಿ ಕುರ್ಚಿಯಲ್ಲಿ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು.

"ಏನೇ ಇದು?" ಎಂದು ನಾದಿನಿ ಬ್ಯಾಗು ಇಳಿಸುವ ಮೊದಲೇ ಶುರು ಮಾಡಿದ್ದಳು. "ನೂರಾ ಒಂದು ಜ್ವರಕ್ಕೆ ನಾಲ್ಕು ಜನರನ್ನ ಹಿಮದಿಂದ ಎಬ್ಬಿಸಿ ಕರೆಸ್ಕೊಂಡ್ಯಲ್ಲ! ಆ ಲ್ಯಾಬಿನವಳು ದಾರಿಯುದ್ದಕ್ಕೂ ನನ್ನ ತಲೆ ತಿಂದಳು."

"ಕೇಳಿದ್ರಿ, ಹೇಳಿದೆ ಅಕ್ಕ."

"ಇನ್ಮೇಲೆ ಕೇಳಿದ್ರೆ, ಇಲ್ಲೆಲ್ಲ ಚೆನ್ನಾಗಿದೀವಿ ಅನ್ನು. ಅಷ್ಟು ಸಾಕು. ಉಳಿದದ್ದು ಬಂದ ಮೇಲೆ ನೋಡ್ಕೋತೀನಿ."

ಪುಟ್ಟಿ ಕಿಸಕ್ಕೆಂದು ನಕ್ಕಳು. ಗಂಡ ಪತ್ರಿಕೆಯಿಂದ ತಲೆ ಎತ್ತದೆ, "ಅಕ್ಕ ಹೇಳೋದು ಸರಿ," ಎಂದ. ಸೊಸೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಆಮೇಲಿನ ಎರಡು ಪ್ರವಾಸಗಳಲ್ಲಿ ದಿನಾ ಸಂಜೆ ಆ ಎರಡೇ ಮಾತು ಹೇಳಿ ಫೋನ್ ಇಟ್ಟಳು. ಯಾರೂ ತಪ್ಪು ಹುಡುಕಲಿಲ್ಲ.

ಈ ಸಲದ್ದು ಕಾಲುವೆಗಳ ಊರು, ಹನ್ನೆರಡು ದಿನ. ಹೊರಟು ಮೂರು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ಅಜ್ಜಿಯ ಕೈಯಿಂದ ಟೀ ಲೋಟ ಜಾರಿ ಬಿತ್ತು. ಸೊಸೆ ನೆಲ ಒರೆಸಿ ಇನ್ನೊಂದು ಲೋಟ ಟೀ ಕೊಟ್ಟಳು. ಅದೂ ಬಿತ್ತು. "ಏನಮ್ಮ, ಇವತ್ತು ನೆಲಕ್ಕೇ ಟೀ ಕುಡಿಸ್ತಿದೀರಿ," ಎಂದು ನಗೆಯಾಡಿ ಮತ್ತೆ ಒರೆಸಿದಳು. ಮಧ್ಯಾಹ್ನ ಅಜ್ಜಿ, "ನಾಲಿಗೆ ಯಾಕೋ ದಪ್ಪ ಆದ ಹಾಗಿದೆ," ಎಂದಳು. ಬಿಸಿ ಗಂಜಿ ಕುಡಿದು ಸುಟ್ಟುಕೊಂಡಿರಬೇಕೆಂದು ಸೊಸೆ ಎಣಿಸಿದಳು. ಅವಳ ಕೈಯಲ್ಲಿ ನಾಳೆಗೇ ಬೇಕೆಂದು ಒಬ್ಬರು ಕೊಟ್ಟು ಹೋದ ಆರು ಪ್ಯಾಂಟುಗಳಿದ್ದವು.

ಸಂಜೆ ಏಳಕ್ಕೆ ಫೋನ್ ಬಂತು. ಹಿಂದೆ ಜನರ ಗದ್ದಲ, ಗೆಳತಿಯರ ನಗು.

"ಹೇಗಿದೀರಿ?" ಎಂದು ನಾದಿನಿ ಕೂಗಿದಳು. "ಅಯ್ಯೋ, ಇಲ್ಲಿ ಬೀದಿಯೇ ನೀರು ಕಣೇ! ಔಷಧಿ ಅಂಗಡಿಯವಳು ದೋಣಿಗೆ ಹೆದರಿ ನನ್ನ ತೋಳು ಚಿವುಟಿ ಚಿವುಟಿ ನೀಲಿ ಮಾಡಿದಾಳೆ."

ಅಜ್ಜಿ ಮಂಚದ ಮೇಲಿಂದ ಎಡಗೈ ಚಾಚಿದಳು. "ಕೊಡೇ. ನಾನು ಮಾತಾಡ್ಬೇಕು ಅವಳ ಹತ್ರ. ನನಗ್ಯಾಕೋ ಸರಿ ಇಲ್ಲ ಅಂತ ಹೇಳ್ತೀನಿ."

ಸೊಸೆಯ ಮೊಣಕಾಲು ಎರಡು ಸಲ ನೆಲ ಒರೆಸಿ ನೋಯುತ್ತಿತ್ತು. ಚಾಚಿದ ಕೈಯನ್ನು ನೋಡಿದಳು. ಫೋನಿನೊಳಗಿನ ನಗೆಯನ್ನು ಕೇಳಿದಳು.

"ಇಲ್ಲೆಲ್ಲ ಚೆನ್ನಾಗಿದೀವಿ ಅಕ್ಕ. ಅಮ್ಮ ನಿದ್ದೆ ಮಾಡ್ತಿದಾರೆ," ಎಂದು ಫೋನ್ ಇಟ್ಟಳು.

ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡಳು. ಸೊಸೆಗೆ ಆ ಗಳಿಗೆಯಲ್ಲಿ ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಒಳಗೊಳಗೇ ಒಂದು ತಣ್ಣನೆಯ ಖುಷಿಯಾಯಿತು. ಅನ್ನು ಅಂದಿದ್ದರಲ್ಲ, ಅಂದೆ.

ಮಂಗಳವಾರ ಬೆಳಿಗ್ಗೆ ಗಂಡನೇ ನೋಡಿದ, ತಾಯಿಯ ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸೋತಿದ್ದವು, ಮಾತು ತೊದಲಾಗಿತ್ತು. ಆದರೂ ಮಾತಿತ್ತು. ಎರಡು ದಿನ ಬಾಗಿಲ ಕಡೆಯೇ ನೋಡುತ್ತಾ, "ಬಂದ್ಲಾ? ಹೇಳಿದ್ರಾ ಅವಳಿಗೆ?" ಎಂದು ಕೇಳಿದಳು.

ಮಂಗಳವಾರವೇ ಗಂಡ ವಾರ್ಡಿನ ಹೊರಗೆ ಹೆಂಡತಿಯನ್ನು ಕೇಳಿದ. "ಅಕ್ಕಂಗೆ ಹೇಳಿದ್ಯಾ?"

ನಿನ್ನೆ ಸಂಜೆಯೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ ಎಂದು ಸೊಸೆ ಹೆದರಿದಳು. ಬಾಯಿ ತಾನಾಗಿ ಆಡಿಬಿಟ್ಟಿತು. "ಹೇಳ್ದೆ. ಆಗ್ಲೇ ಹೇಳ್ದೆ."

"ಏನಂದ್ಲು?"

"ಟಿಕೆಟ್ ಬದಲಾಯಿಸಕ್ಕಾಗಲ್ವಂತೆ. ಹೇಗಿದಾರೆ ಅಂತ ದಿನಾ ತಿಳಿಸಿ ಅಂದ್ರು."

ಗಂಡ ಗೋಡೆಗೆ ಒರಗಿ ನಿಂತ. "ಹೀಗಂದ್ಲಾ? ಆಯ್ತು ಬಿಡು. ನಾನಂತೂ ಫೋನ್ ಮಾಡಲ್ಲ ಅವಳಿಗೆ." ಹಟಮಾರಿ. ಹೇಳಿದ ಹಾಗೇ ಫೋನ್ ಮಾಡಲೂ ಇಲ್ಲ.

ಗುರುವಾರ ಮುಂಜಾನೆ ಎರಡನೇ ಏಟು ಬಿತ್ತು. ಅಜ್ಜಿಯ ಮಾತು ಪೂರ್ತಿ ಹೋಯಿತು. ಅಂದು ಸಂಜೆಯೂ ಏಳಕ್ಕೆ ಫೋನ್ ಬಂತು, ಶುಕ್ರವಾರವೂ ಬಂತು, ಅದರ ಮರುದಿನವೂ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಸೊಸೆ ಅದೇ ಮಾತು ಹೇಳಿದಳು. ಈಗ ಬೇರೆ ಏನು ಹೇಳುವುದು? ಹೇಳಹೊರಟರೆ ಸೋಮವಾರದಿಂದ ಹೇಳಬೇಕು.

ನಾದಿನಿ ಬಂದಿಳಿಯುವ ಹೊತ್ತಿಗೆ ಅಜ್ಜಿಯನ್ನು ಮನೆಗೆ ತಂದಾಗಿತ್ತು. ಬಾಗಿಲಲ್ಲಿ ನಿಂತವಳ ತಲೆಯ ಮೇಲೆ ಹುಲ್ಲಿನ ಟೋಪಿ, ಕೈಯಲ್ಲಿ ತಾಯಿಗೆಂದು ತಂದ ನೀಲಿ ಗಾಜಿನ ಲೋಟ.

"ಮುಗೀತಾ ಟೂರು?" ತಮ್ಮ ಮುಂದಿನ ಕೋಣೆಯಲ್ಲೇ ತಡೆದು ಕೇಳಿದ. "ಇನ್ನೆರಡು ದಿನ ಇದ್ದು ಬರಬೇಕಿತ್ತು. ಇಲ್ಲಿ ತಾಯಿ ನಿನ್ನ ದಾರಿ ನೋಡ್ತಾ ನೋಡ್ತಾ ಮಾತು ಕಳ್ಕೊಂಡ್ಲು. ವಿಷಯ ಗೊತ್ತಿದ್ದೂ ದೋಣಿ ಹತ್ತಿದ್ಯಲ್ಲ, ನಿನ್ನದೇನು ಕರುಳಾ, ಕಲ್ಲಾ?"

ನಾದಿನಿ ಮಂಚವನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಸೊಸೆಯನ್ನು ನೋಡಿದಳು. ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಅವಳ ಬಾಯಿಂದ ನಿಜ ಈಗ ಬಂತು, ಈಗ ಬಂತು ಎಂದು ಕಾದಳು. ಬರಲಿಲ್ಲ. ನಾದಿನಿ ಟೋಪಿ ತೆಗೆದಿಟ್ಟು, ಕೈ ತೊಳೆದು ಬಂದು, ತಾಯಿಯ ಪಕ್ಕ ಕೂತು ಸೋತ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆವತ್ತು ಅವಳ ಗಂಟಲು ಒಮ್ಮೆಯೂ ಮೇಲೇರಲಿಲ್ಲ.

ಮಾರನೆಯ ದಿನದಿಂದ ಮಂಚದ ಕೆಲಸ ನಾದಿನಿ ವಹಿಸಿಕೊಂಡಳು. ಸೊಸೆಯೂ ಗಂಡನೂ ತಿಣುಕಾಡಿ ಎತ್ತುತ್ತಿದ್ದ ಮೈಯನ್ನು ಅವಳು ಒಬ್ಬಳೇ, ಕೆಳಗೆ ಮಡಚಿದ ಬಟ್ಟೆಯೊಂದನ್ನು ಹಾಕಿ, ಅದರ ಅಂಚು ಹಿಡಿದು ಮೆಲ್ಲಗೆ ತನ್ನ ಕಡೆ ಎಳೆದು ತಿರುಗಿಸುತ್ತಿದ್ದಳು. ಮೂಳೆ ಮುರಿದವರನ್ನು ಎಕ್ಸ್-ರೇ ಮೇಜಿಗೆ ಹೊರಳಿಸುತ್ತಿದ್ದ ವಿದ್ಯೆ. ಎರಡು ಗಂಟೆಗೊಮ್ಮೆ ಮಗ್ಗುಲು, ಬೆನ್ನಿಗೆ ದಿಂಬು, ಗದ್ದ ಎದೆಗೆ ಬಾಗಿಸಿ ಒಂದೊಂದೇ ಚಮಚ ಗಂಜಿ. ಕುಡಿಸಿದ ಮೇಲೆ ಅರ್ಧ ಗಂಟೆ ಮಲಗಿಸುವ ಹಾಗಿಲ್ಲ. ಸೊಸೆಗೂ ಕಲಿಸಿದಳು. "ಇಲ್ಲಿ ಹಿಡಿ. ತೋಳು ಹಿಡಿದು ಎಳೀಬೇಡ, ಕೀಲು ಕಳಚುತ್ತೆ." ಅಷ್ಟೇ ಮಾತು. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

ಊಟದ ಹೊತ್ತು ನರಕವಾಯಿತು. ಆಲೂಗಡ್ಡೆಗೆ ಉಪ್ಪು ಕಡಿಮೆಯಾದರೂ ಗಂಡನ ಮಾತು ಅಕ್ಕನಿಗೇ ತಗಲುತ್ತಿತ್ತು. "ಅಲ್ಲಿ ಬಗೆಬಗೆ ತಿಂದು ಬಂದೋರಿಗೆ ಇದೆಲ್ಲ ರುಚಿಸುತ್ತೋ ಇಲ್ವೋ," ಎನ್ನುತ್ತಿದ್ದ. ಪುಟ್ಟಿ ಒಂದು ದಿನ ನೇರವಾಗಿ ಕೇಳಿದಳು.

"ಅತ್ತೆ, ಅಜ್ಜಿ ನಿಮ್ಮನ್ನ ಎಷ್ಟು ಸಲ ಕೇಳಿದ್ರು ಗೊತ್ತಾ? ನಾನು ಎಣಿಸಿದೀನಿ. ಬುಧವಾರ ಒಂದೇ ದಿನ ಹದಿನಾಲ್ಕು ಸಲ."

ನಾದಿನಿಯ ಕೈಯಲ್ಲಿನ ತುತ್ತು ತಟ್ಟೆಗೆ ಇಳಿಯಿತು. "ಹದಿನಾಲ್ಕು ಸಲ," ಎಂದಳು. "ಏನಂತ ಕೇಳಿದ್ಲು? ಸರಿಯಾಗಿ ಹೇಳು ಪುಟ್ಟಿ, ಒಂದೂ ಬಿಡಬೇಡ."

"ನಿನಗ್ಯಾಕೆ ಅದೆಲ್ಲ, ತಟ್ಟೆ ಎತ್ತು ಹೋಗು," ಎಂದು ಸೊಸೆ ಮಗಳ ಮೇಲೆ ಹಾರಿಬಿದ್ದಳು.

ಎರಡನೇ ವಾರ ಗೆಳತಿಯರು ಮೂವರೂ ಹಣ್ಣು ಹಿಡಿದು ಬಂದರು. ಗಂಡ ಕೆಲಸಕ್ಕೆ ಹೋಗಿದ್ದ. ಸೊಸೆ ಟೀ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಾಗ ಹೆಡ್ ನರ್ಸ್ ಅಜ್ಜಿಯ ನಾಡಿ ಹಿಡಿದು ಕೂತಿದ್ದಳು.

"ನಮಗೆ ಒಂದೇ ಒಂದು ಮಾತು ಗೊತ್ತಾಗಿದ್ದಿದ್ರೆ ಆ ಕ್ಷಣವೇ ಹೊರಡ್ತಿದ್ವಿ," ಎಂದಳು ಹೆಡ್ ನರ್ಸ್. "ದಿನಾ ಏಳು ಗಂಟೆಗೆ ನೀನು ಫೋನ್ ಮಾಡ್ತಿದ್ದೆ, ನಾವು ಪಕ್ಕದಲ್ಲೇ ಇರ್ತಿದ್ವಿ. ಹಾಗಿರುವಾಗ ಅದು ಹೇಗೆ..."

"ಟೀ ಬಂತು, ಕುಡಿ," ಎಂದಳು ನಾದಿನಿ.

"ಅಲ್ಲ ಕಣೇ, ನಿನ್ನ ತಮ್ಮ ಊರೆಲ್ಲ ಹೇಳ್ಕೊಂಡು ಬರ್ತಿದಾನಂತೆ, ನೀನು ಗೊತ್ತಿದ್ದೂ..."

"ಕುಡಿ ಅಂದ್ನಲ್ಲ. ಆರಿಹೋಗುತ್ತೆ."

ಸೊಸೆ ಟೀ ತಟ್ಟೆ ಇಟ್ಟು ಒಳಗೆ ಸರಿದಳು. ಗೆಳತಿಯರು ಹೋದ ಮೇಲೆ ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಯಾಕಕ್ಕ ಹೇಳ್ತಿಲ್ಲ ನೀವು?"

ನಾದಿನಿ ತಾಯಿಯ ಬಟ್ಟೆ ಮಡಚುತ್ತಿದ್ದಳು. "ನಾನು ಹೇಳಿದ್ರೆ ಅದು ಚಾಡಿ. ನನ್ನ ತಮ್ಮ ನಿನ್ನನ್ನ ಹೊಸಲು ದಾಟಿಸಿದ್ರೂ ದಾಟಿಸ್ದ. ಆಗ ಅಮ್ಮನ್ನ, ಪುಟ್ಟಿನ ಯಾರು ನೋಡ್ತಾರೆ? ಹೇಳೋ ಬಾಯಿ ನನ್ನದಲ್ಲ."

ಸೊಸೆ ಏನೋ ಹೇಳಹೋದಳು. ಹೊರಗೆ ಯಾರೋ ಪ್ಯಾಂಟು ತಯಾರಾಗಿದೆಯಾ ಎಂದು ಕೂಗಿದರು. ಸಿಕ್ಕಿದ್ದೇ ನೆವ ಎಂದು ಹೊರಟುಹೋದಳು.

ಮೂರನೇ ವಾರದ ಗುರುವಾರ ಗಂಡನ ಕೈಗೆ ಒಂದು ಲಕೋಟೆ ಸಿಕ್ಕಿತು. ಎರಡು ತಿಂಗಳ ನಂತರದ ಇನ್ನೊಂದು ಪ್ರವಾಸಕ್ಕೆ, ಹಿಂದೆಯೇ ಕಾದಿರಿಸಿದ ಟಿಕೆಟ್ ಅದು. ನಾದಿನಿ ಅದನ್ನು ರದ್ದು ಮಾಡಿಸಲೆಂದೇ ಮೇಜಿನ ಮೇಲೆ ಇಟ್ಟಿದ್ದಳು. ಕೇಳುವ ತಾಳ್ಮೆ ಯಾರಿಗಿದೆ?

"ಇನ್ನೂ ತಿರುಗೋದಿದೆಯಾ ನಿನಗೆ?" ಲಕೋಟೆಯನ್ನು ಅಕ್ಕನ ಮುಂದೆ ಬಿಸಾಡಿದ. "ಹೋಗು! ಇಡೀ ಪ್ರಪಂಚ ಸುತ್ತು. ಆದ್ರೆ ಈ ಮನೆಗೆ ಮಾತ್ರ ವಾಪಸ್ ಬರಬೇಡ."

"ಸರಿ," ಎಂದಳು ನಾದಿನಿ. "ಹೆಡ್ ನರ್ಸ್ ಮನೇಲಿ ಮೇಲಿನ ಕೋಣೆ ಖಾಲಿ ಇದೆ. ಭಾನುವಾರ ಹೋಗ್ತೀನಿ. ದಿನಾ ಬೆಳಿಗ್ಗೆ ಬಂದು ಅಮ್ಮನ ಮೈ ಒರೆಸಿ..."

"ಬರೋದೂ ಬೇಡ. ಮಾತಾಡೋ ತಾಯಿ ಬೇಡವಾಗಿತ್ತು ನಿನಗೆ. ಮಾತಿಲ್ಲದ ತಾಯಿ ಯಾಕೆ ಬೇಕು?"

ನಾದಿನಿ ಆಗ ಅತ್ತಳು. ಬಂದ ಮೇಲೆ ಮೊದಲ ಸಲ, ಎಲ್ಲರ ಎದುರೇ, ಮುಖ ಮುಚ್ಚಿಕೊಳ್ಳದೆ ಅತ್ತಳು. ಸೊಸೆ ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಲೇ ಇದ್ದಳು. ಪಾತ್ರೆಯ ತಳ ಹತ್ತಿದ ವಾಸನೆ ಬಂದರೂ ಅವಳಿಗೆ ತಿಳಿಯಲಿಲ್ಲ.

ಶನಿವಾರ ಸಂಜೆ ಅಜ್ಜಿಗೆ ಗಂಜಿ ಕುಡಿಸುವ ಸರದಿ ಸೊಸೆಯದು. ಹಿಂದಿನ ಕೋಣೆಯಲ್ಲಿ ಗೋಡೆಯಿಂದ ಫೋಟೋ ಕೀಳುವ ಸದ್ದು. ಆಗ ಫೋನ್ ಬಡಿದುಕೊಂಡಿತು. ಯಾರೋ ಗಿರಾಕಿ, ಜಿಪ್ ಹಾಕಿ ಆಯಿತೇ ಎಂದು ಕೇಳುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ಸೊಸೆ ಮಾತಾಡುತ್ತಾ ತಿರುಗಿ ನೋಡಿದರೆ ಅಜ್ಜಿ ದಿಂಬಿನಿಂದ ತಲೆ ಎತ್ತಿದ್ದಳು. ಎಡಗೈ ಚಾಚಿದ್ದಳು. ಆ ಸೋಮವಾರ ಚಾಚಿದ ಹಾಗೆಯೇ, ಫೋನಿನ ಕಡೆ, ಬೆರಳು ಬಿಡಿಸಿಕೊಂಡು.

"ಅವರಲ್ಲ ಅಮ್ಮ, ಇದು ಬೇರೆ ಯಾರೋ..." ಎಂದಳು ಸೊಸೆ. ಅಜ್ಜಿ ಕೈ ಇಳಿಸಲಿಲ್ಲ. ಕಣ್ಣು ಸೊಸೆಯ ಮುಖದ ಮೇಲೆಯೇ ನೆಟ್ಟಿತ್ತು. ಆ ಕಣ್ಣಿಗೆ ಎಲ್ಲ ಗೊತ್ತಿತ್ತು, ಇಷ್ಟು ದಿನವೂ ಗೊತ್ತಿತ್ತು. ಸೊಸೆ ಗಂಜಿ ಬಟ್ಟಲು ಕೆಳಗಿಟ್ಟು ಆ ಕೈಯ ಮೇಲೆ ಹಣೆ ಒತ್ತಿ, "ಹೇಳ್ತೀನಮ್ಮ, ಹೇಳ್ತೀನಿ," ಎಂದು ಬಿಕ್ಕಿದಳು.

ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಚಕ್ರದ ಪೆಟ್ಟಿಗೆ ಬಂದು ನಿಂತಿತ್ತು. ಮೇಜಿನ ಮೇಲೆ ಬ್ರೆಡ್ಡು, ಮೊಟ್ಟೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸೊಸೆ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದಳು.

"ಅಕ್ಕಂಗೆ ನಾನು ಹೇಳೇ ಇಲ್ಲ."

"ಏನು ಹೇಳಿಲ್ಲ?" ಗಂಡ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

"ಅಮ್ಮಂಗೆ ಹುಷಾರಿಲ್ಲ ಅಂತ. ಸೋಮವಾರ ಸಂಜೆ ಫೋನ್ ಮಾಡಿದ್ರು. ಚೆನ್ನಾಗಿದೀವಿ ಅಂದೆ. ಅಮ್ಮ ಫೋನ್ ಕೊಡು ಅಂತ ಕೈ ಚಾಚಿದ್ರು, ಕೊಡ್ಲಿಲ್ಲ. ನಿದ್ದೆ ಮಾಡ್ತಿದಾರೆ ಅಂದೆ. ಆಮೇಲೆ ದಿನಾ ಅದನ್ನೇ ಅಂದೆ. ಟಿಕೆಟ್ ಬದಲಾಯಿಸಕ್ಕಾಗಲ್ಲ ಅಂತ ಅಕ್ಕ ಹೇಳಿದ್ರು ಅಂದದ್ದು ಸುಳ್ಳು. ಅದು ನಾನು ಕಟ್ಟಿದ್ದು."

ಗಂಡನ ಕೈಯಲ್ಲಿ ಚಾಕು ಹಾಗೇ ನಿಂತಿತು. "ಯಾಕೆ?"

"ಕೋಪ ಇತ್ತು. ಅವರು ಅಲ್ಲಿ ನಗ್ತಿದ್ರು, ನಾನಿಲ್ಲಿ ನೆಲ ಒರೆಸ್ತಿದ್ದೆ. ಹಾಗೇ ಅನ್ನು ಅಂತ ಅವರೇ ಅಂದಿದ್ರಲ್ಲ, ಅದನ್ನೇ ಹಿಡ್ಕೊಂಡೆ. ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿಮ್ಮ ಭಯ."

ಪುಟ್ಟಿ ತಾಯಿಯನ್ನು ಯಾರೋ ಅಪರಿಚಿತರನ್ನು ನೋಡುವ ಹಾಗೆ ನೋಡಿ, ತಟ್ಟೆ ಬಿಟ್ಟು ಎದ್ದು ಹೋದಳು. ಗಂಡ ಚಾಕು ಕೆಳಗಿಟ್ಟ. "ಮೂರು ವಾರ," ಎಂದ. "ಮೂರು ವಾರ ಅವಳಿಗೆ ಏನೆಲ್ಲ ಅಂದೆ ನಾನು. ನೀನು ಪಕ್ಕದಲ್ಲೇ ನಿಂತು ಬಡಿಸ್ತಿದ್ದೆ." ಆಮೇಲೆ ಅಕ್ಕನ ಕಡೆ ತಿರುಗಿದ. ಬಾಗಿಲ ಬಳಿ ಹೋಗಿ ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ನಿಂತ.

ನಾದಿನಿ ಎದ್ದು ಸೊಸೆಯ ಎದುರು ಬಂದಳು.

"ಆಯ್ತಲ್ಲ. ಉಸಿರು ಬಿಡು," ಎಂದಳು. ಸೊಸೆ ಬಿಟ್ಟಳು. "ಈಗ ನನ್ನದೂ ಕೇಳು. ಲೋಟ ಕೈಯಿಂದ ಬಿತ್ತು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಮೂವತ್ತನಾಲ್ಕು ವರ್ಷ ಆಸ್ಪತ್ರೇಲಿದ್ದವಳು ನಾನು. ಈಗಿಂದೀಗಲೇ ಎತ್ಕೊಂಡು ಹೋಗಿ ಅಂತ ಅಲ್ಲಿಂದಲೇ ಕೂಗ್ತಿದ್ದೆ. ಅಮ್ಮನ ಮಾತು ಉಳೀತಿತ್ತೋ ಏನೋ."

ಸೊಸೆ ಕುರ್ಚಿಯ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿದಳು. ಇದು ಅವಳಿಗೆ ಹೊಳೆದೇ ಇರಲಿಲ್ಲ.

"ಹೀಗನ್ನು ಅಂತ ಹೇಳಿಕೊಟ್ಟವಳು ನಾನೇ. ಅದನ್ನೂ ನಾನು ಮರೆತಿಲ್ಲ," ಎಂದಳು ನಾದಿನಿ. "ನಿನ್ನನ್ನ ಕ್ಷಮಿಸಕ್ಕೆ ನನಗೆ ಈಗ ಆಗ್ತಿಲ್ಲ ಕಣೇ. ನನ್ನನ್ನೇ ಕ್ಷಮಿಸ್ಕೊಳಕ್ಕಾಗ್ತಿಲ್ಲ."

"ಅಕ್ಕಾ, ಹೋಗಬೇಡ," ಎಂದ ತಮ್ಮ.

"ಪೆಟ್ಟಿಗೆ ಬಿಡು. ಸ್ವಲ್ಪ ದಿನ ಅಲ್ಲಿರ್ತೀನಿ. ಈ ಮೇಜಿನಲ್ಲಿ ನನಗೆ ಅನ್ನ ಗಂಟಲಿಗಿಳಿಯಲ್ಲ ಈಗ. ಬೆಳಿಗ್ಗೆ ಅಮ್ಮನ ಮೈ ಒರೆಸಕ್ಕೆ ಬರ್ತೀನಿ. ಬರಬೇಡ ಅಂತ ಈಗ ಅನ್ನಲ್ವಲ್ಲ?"

ತಮ್ಮ ತಲೆ ಅಲ್ಲಾಡಿಸಿದ. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಅಕ್ಕನ ಹಿಂದೆ ಬೀದಿಗಿಳಿದ.

ಅಂದು ಸಂಜೆ ಏಳಕ್ಕೆ ಸರಿಯಾಗಿ ಫೋನ್ ಬಂತು. ಎರಡು ಬೀದಿ ಆಚೆಯಿಂದ ಬಂದ ಫೋನು. ಗಂಡ ಕಿಟಕಿ ಪಕ್ಕ ಕೂತಿದ್ದವನು ಕೈ ಮುಂದೆ ಮಾಡಲಿಲ್ಲ. ಸೊಸೆಯೇ ಎತ್ತಿದಳು.

"ಹೇಗಿದೀರಿ?" ಎಂದಳು ನಾದಿನಿ.

ಹೇಳಿ ಹೇಳಿ ಸವೆದ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಸೊಸೆ ತಡೆದುಕೊಂಡಳು.

"ಚೆನ್ನಾಗಿಲ್ಲ ಅಕ್ಕ. ಅಮ್ಮ ಮಧ್ಯಾಹ್ನ ಅರ್ಧ ಬಟ್ಟಲು ಗಂಜಿ ಮಾತ್ರ ಕುಡಿದ್ರು. ಎರಡು ಸಲ ಕೆಮ್ಮಿದ್ರು. ಬಲ ಸೊಂಟದ ಹತ್ರ ಕೆಂಪಗಾಗಿದೆ, ಕೋಟಿನ ಗುಂಡಿಯಷ್ಟು. ಪುಟ್ಟಿ ಊಟ ಬಿಟ್ಟು ಮಲಗಿದಾಳೆ. ಇವರು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿಲ್ಲ."

ನಾದಿನಿ ಮೊದಲು ಕೇಳಿದ್ದು ಕೆಂಪಿನ ವಿಷಯ.

"ಕೆಂಪಗಿರೋ ಕಡೆ ಬೆರಳಲ್ಲಿ ಒತ್ತಿ ಬಿಟ್ರೆ ಬೆಳ್ಳಗಾಗುತ್ತಾ? ಆದ್ರೆ ಹುಣ್ಣು ಶುರುವಾಗಿಲ್ಲ ಅಂತ."

"ನೋಡಿಲ್ಲ."

"ನೋಡು. ನಾನು ಇಡಲ್ಲ, ಕಾದಿರ್ತೀನಿ."

ಸೊಸೆ ಫೋನ್ ಹಿಡಿದುಕೊಂಡೇ ಮಂಚದ ಬಳಿ ಹೋದಳು. ಅಜ್ಜಿಯ ಎಡಗೈ ಆಗಲೇ ಮೇಲೆದ್ದಿತ್ತು. ಸೊಸೆ ಫೋನನ್ನು ಆ ಕೈಗೆ ಕೊಟ್ಟು, ಕೈಯನ್ನು ಕಿವಿಯ ತನಕ ಎತ್ತಿ ಹಿಡಿದಳು.

"ಅಮ್ಮಾ," ಎಂದು ನಾದಿನಿ ಕೂಗಿದ್ದು ಇಡೀ ಮನೆಗೆ ಕೇಳಿಸಿತು. "ಅಮ್ಮಾ, ನಾನು."

ಅಜ್ಜಿಯ ತುಟಿ ಓರೆಯಾಗಿ ಅಲುಗಿತು. ಮಾತು ಬರಲಿಲ್ಲ, ಬರೀ ಉಸಿರು ಬಂತು. ಸೊಸೆ ಮಗ್ಗುಲು ಸರಿಸಿ, ಕೆಂಪಗಾದ ಕಡೆ ಬೆರಳಿಟ್ಟು ಒತ್ತಿ ನೋಡಿದಳು. ಬೆಳ್ಳಗಾಯಿತು. ಅದನ್ನು ಹೇಳೋಣವೆಂದು ಫೋನಿಗೆ ಕೈ ನೀಡಿದಳು. ಅಜ್ಜಿ ಕೊಡಲಿಲ್ಲ.